ಸಂತೆಯ ಚೀಲ: ನಡುದರ್ಜೆಯ ಫೋನು, ಮುಕ್ಕಾಲು ಮಗ್ಗಿ



ಹಿಂದಿನ ಸಂಚಿಕೆಯಲ್ಲಿ ನೀರು ಶುದ್ಧಿ ಮಾಡುವ ಯಂತ್ರದ ಗುಣದೋಷಗಳನ್ನು ಕುರಿತು ನಾನು ಬರೆದುದಕ್ಕೆ ಏಳು ಕಾಗದಗಳು ಬಂದವು. ಅವುಗಳಲ್ಲಿ ನಾಲ್ಕು ನೀರಿನ ವಿಷಯವಾಗಿಯೇ ಇರಲಿಲ್ಲ. “ಊರಲ್ಲಿರುವ ಹಿರಿಯರಿಗೊಂದು ಫೋನು ಕೊಳ್ಳಬೇಕಾಗಿದೆ. ತೀರ ಅಗ್ಗದ್ದು ವರ್ಷ ತುಂಬುವುದರೊಳಗೆ ಮುಗ್ಗರಿಸುತ್ತದೆ, ತೀರ ತುಟ್ಟಿಯದು ನಮ್ಮ ಸಂಬಳಕ್ಕೆ ಎಟುಕುವುದಿಲ್ಲ. ನಡುವಿನದರಲ್ಲಿ ಯಾವುದನ್ನು ನಂಬೋಣ?” ಎಂಬುದೇ ನಾಲ್ಕರ ಸಾರಾಂಶ. ನಾನು ಉತ್ತರ ಬರೆಯಲಿಲ್ಲ. ಕಾರಣವಿಷ್ಟೇ: ಆ ಪ್ರಶ್ನೆ ನನ್ನ ಮನೆಯಲ್ಲಿಯೇ ಅಡ್ಡಗಾಲು ಹಾಕಿ ಕುಳಿತಿತ್ತು. ಈಗ ಮೂರು ತಿಂಗಳು ಕಳೆದಿವೆ, ಫೋನು ಕೊಂಡದ್ದಾಗಿದೆ, ಬಳಸಿದ್ದೂ ಆಗಿದೆ. ಆದುದರಿಂದ ನಾಲ್ವರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಉಳಿದ ಮೂವರು ಕ್ಷಮಿಸಬೇಕು, ನೀರು ಮುಂದಿನ ಸಲ.

ನನ್ನ ಅವ್ವ ನರಗುಂದದ ಹತ್ತಿರದ ಒಂದು ಹಳ್ಳಿಯಲ್ಲಿದ್ದಾಳೆ. ನಾವು ಡೊಂಬಿವಲಿಯಲ್ಲಿ. “ಮುಂಬಯಿಗೆ ಬಾ” ಎಂದರೆ, “ಅಲ್ಲಿ ಬಂದು ಕಿಡಕಿಯೊಳಗಿಂದ ಮಂದಿನ್ನ ಎಣಿಸಲೇನು?” ಎನ್ನುತ್ತಾಳೆ. ಅಪ್ಪ ಕನ್ನಡ ಶಾಲೆಯ ಮಾಸ್ತರರಾಗಿದ್ದವರು, ೨೦೨೩ರಲ್ಲಿ ತೀರಿಕೊಂಡರು. ಅಂದಿನಿಂದ ನಮ್ಮಿಬ್ಬರ ಮನೆಗಳ ನಡುವಿನ ಸೇತುವೆಯೆಂದರೆ ಅವ್ವನ ಫೋನೊಂದೇ. ಅದು ಅಪ್ಪ ಬಳಸುತ್ತಿದ್ದ ಹಳೆಯ ಫೋನು. ಯಾವ ಕಂಪನಿಯದೆಂದು ಹೇಳುವುದಿಲ್ಲ. ಮುದುಕಾದದ್ದನ್ನು ದೂರುವುದು ನ್ಯಾಯವಲ್ಲ.

ಕಳೆದ ಶ್ರಾವಣದಲ್ಲಿ ಒಂದು ದಿನ ಅವ್ವ, “ಇದು ಹೋಳಿಗಿ ಉಬ್ಬಿಧಾಂಗ ಉಬ್ಬೇದಪಾ” ಎಂದಳು. ನನ್ನ ಎದೆ ಧಸಕ್ಕೆಂದಿತು. ಫೋನಿನ ಬೆನ್ನು ಉಬ್ಬಿತೆಂದರೆ ಒಳಗಿನ ಲಿಥಿಯಮ್ ಬ್ಯಾಟರಿಯಲ್ಲಿ ಅನಿಲ ತುಂಬಿಕೊಂಡಿತೆಂದು ಅರ್ಥ. ಅಂಥದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಚ್ಚಬಾರದು, ಹಾಸಿಗೆಯ ಹತ್ತಿರ ಇಡಬಾರದು. ಬೆಂಕಿ ಹೊತ್ತಿಕೊಳ್ಳುವ ಸಂಭವವುಂಟು. ಪಕ್ಕದ ಮನೆಯ ಹುಡುಗನಿಗೆ ಹೇಳಿ ಅದನ್ನು ಬಂದ್ ಮಾಡಿಸಿ, ಹಿತ್ತಲ ಕಟ್ಟೆಯ ಮೇಲೆ ಒಂದು ಮಣ್ಣಿನ ಕುಂಡದಲ್ಲಿ ಇಡಿಸಿದೆ. ಎರಡು ದಿನದ ಮೇಲೆ ಪೇಟೆಯ ರಿಪೇರಿಯವನು ಬ್ಯಾಟರಿ ಬೇರ್ಪಡಿಸಿ, “ಈ ಮಾದರಿಗೆ ಈಗ ಸಾಮಾನು ಸಿಗೋದಿಲ್ಲ” ಎಂದು ಹೇಳಿ, ಒಳಗಿದ್ದ ಸಿಮ್ಮನ್ನೂ ಉಗುರಿನಷ್ಟು ಗಾತ್ರದ ಒಂದು ಮೆಮೊರಿ ಕಾರ್ಡನ್ನೂ ಕಾಗದದಲ್ಲಿ ಕಟ್ಟಿಕೊಟ್ಟನು. ಅವ್ವ ಆ ಪೊಟ್ಟಣವನ್ನು ಕುಂಕುಮದ ಭರಣಿಯ ಪಕ್ಕಕ್ಕೆ ಇಟ್ಟಳಂತೆ.

ಇತ್ತ ಡೊಂಬಿವಲಿಯಲ್ಲಿ ಗೃಹಸಭೆ ಸೇರಿತು. ಸದಸ್ಯರು ಮೂವರು: ನಾನು, ನನ್ನ ಶ್ರೀಮತಿ, ಒಂಬತ್ತನೆಯ ಇಯತ್ತೆಯಲ್ಲಿ ಓದುವ ಮಗಳು. ಚರ್ಚೆಯ ವಿಷಯ ಎರಡು ಫೋನುಗಳು, ಒಂದೇ ಮನೆತನದ ಅಣ್ಣ ತಮ್ಮಂದಿರು. ಅಣ್ಣನ ಹೆಸರು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ-೫೫. ೨೦೨೪ರ ಮಾರ್ಚಿಯಲ್ಲಿ ಪೇಟೆಗೆ ಬಂದನು. ಅಂದಿನ ಬೆಲೆ ೩೯,೯೯೯ ರೂಪಾಯಿ. ತಮ್ಮ ಎ-೫೬, ೨೦೨೫ರ ಮಾರ್ಚಿಯಲ್ಲಿ ಬಂದವನು. ಬಂದಾಗಿನ ಬೆಲೆ ೪೧,೯೯೯. ಈ ಬೆಲೆಗಳಲ್ಲಿ ನೂರಕ್ಕೆ ಹದಿನೆಂಟರ ತೆರಿಗೆಯೂ ಸೇರಿದೆ. ಎಂದರೆ ಅಣ್ಣನ ಬೆಲೆಯಲ್ಲಿ ಸುಮಾರು ೬,೧೦೦ ರೂಪಾಯಿ ಸರಕಾರದ್ದೇ. ತಮ್ಮ ಹುಟ್ಟಿದ ಮೇಲೆ ಅಣ್ಣನ ಬೆಲೆ ಇಳಿಯುವುದು ಲೋಕರೂಢಿ. ದಸರೆಯ ರಿಯಾಯಿತಿಯಲ್ಲಿ ನಮ್ಮ ಅಂಗಡಿಯವನು ಅವನನ್ನು ೨೮,೦೦೦ಕ್ಕೆ ಕೊಡಲು ಒಪ್ಪಿದನು. ಹದಿನಾಲ್ಕು ಸಾವಿರ ಉಳಿಯಿತೆಂದು ನಾನು ಮನಸ್ಸಿನಲ್ಲಿಯೇ ಲಡ್ಡು ತಿಂದೆ.

ನನ್ನ ಶ್ರೀಮತಿಯವರು ಲೆಕ್ಕದ ಟ್ಯೂಷನ್ ಹೇಳುವವರು. “ಅಲ್ಲರೀ, ಬೆಲಿ ಕೇಳಿದ್ರಿ ಸರಿ, ಆಯುಷ್ಯ ಕೇಳಿದ್ರೇನು?” ಎಂದರು.

ಇದು ಮುಖ್ಯವಾದ ಪ್ರಶ್ನೆ, ಸ್ವಲ್ಪ ವಿವರಿಸುತ್ತೇನೆ. ಫೋನಿಗೆ ಎರಡು ಆಯುಷ್ಯಗಳುಂಟು. ಒಂದು ದೇಹದ್ದು, ಎಂದರೆ ಗಾಜು, ಲೋಹ, ಬ್ಯಾಟರಿಗಳದು. ಇನ್ನೊಂದು ಒಳಗಿನ ವಿದ್ಯೆಯದು. ಕಳ್ಳರು ದಿನವೂ ಹೊಸ ಕನ್ನ ಕೊರೆಯುತ್ತಾರೆ, ಕಂಪನಿಯವರು ಆಗಾಗ್ಗೆ ಅದಕ್ಕೆ ತೇಪೆ ಹಚ್ಚಿ ಕಳುಹಿಸುತ್ತಾರೆ. ಇದಕ್ಕೆ ಭದ್ರತೆಯ ಅಪ್‌ಡೇಟು ಎಂದು ಹೆಸರು. ತೇಪೆ ಬರುವುದು ನಿಂತ ಮೇಲೂ ಫೋನು ಮಾತಾಡುತ್ತದೆ, ಫೋಟೋ ತೆಗೆಯುತ್ತದೆ, ಎಲ್ಲ ಸರಿ. ಆದರೆ ಅದರಲ್ಲಿ ಬ್ಯಾಂಕಿನ ವ್ಯವಹಾರವಿಟ್ಟುಕೊಳ್ಳುವುದು ಅಗಳಿಯಿಲ್ಲದ ಬಾಗಿಲ ಹಿಂದೆ ದಾಗಿನೆ ಇಟ್ಟಂತೆ. ಎ-೫೫ಕ್ಕೆ ಕಂಪನಿಯವರು ಮಾತು ಕೊಟ್ಟಿರುವುದು ನಾಲ್ಕು ಸಲದ ದೊಡ್ಡ ನವೀಕರಣ, ಐದು ವರ್ಷಗಳ ತೇಪೆ. ಎ-೫೬ಕ್ಕೆ ಎರಡೂ ಆರಾರು. ಈ ವರ್ಷಗಳನ್ನು ಫೋನು ಪೇಟೆಗೆ ಬಂದ ದಿನದಿಂದ ಎಣಿಸಬೇಕೇ ಹೊರತು ನಾವು ಕೊಂಡ ದಿನದಿಂದಲ್ಲ. ಹೆಚ್ಚು ಮಂದಿ ತಪ್ಪುವುದು ಇಲ್ಲಿಯೇ.

ಶ್ರೀಮತಿಯವರು ಹಾಲಿನ ಲೆಕ್ಕದ ವಹಿಯ ಹಿಂಬದಿಯಲ್ಲಿ ಬರೆದರು. ೨೦೨೫ರ ಅಕ್ಟೋಬರದಲ್ಲಿ ಕೊಂಡರೆ ಅಣ್ಣನಿಗೆ ೨೦೨೯ರ ಮಾರ್ಚಿಯವರೆಗೆ ಉಳಿಯುವುದು ೪೧ ತಿಂಗಳು. ೨೮,೦೦೦ವನ್ನು ೪೧ರಿಂದ ಭಾಗಿಸಿದರೆ ತಿಂಗಳಿಗೆ ೬೮೩ ರೂಪಾಯಿ. ತಮ್ಮನಿಗೆ ೨೦೩೧ರ ಮಾರ್ಚಿಯವರೆಗೆ ೬೫ ತಿಂಗಳು. ಪೂರ್ತಿ ಬೆಲೆ ಕೊಟ್ಟರೂ ತಿಂಗಳಿಗೆ ೬೪೬. ಇನ್ನು ಅಣ್ಣನನ್ನು ಮೊದಲ ದಿನವೇ ಪೂರ್ತಿ ಬೆಲೆಗೆ ಕೊಂಡವನಿಗೆ ೬೦ ತಿಂಗಳಿಗೆ ಬಿದ್ದದ್ದು ೬೬೭. ಎಂದ ಮೇಲೆ ನಾನು ತಿಂದ ಲಡ್ಡು ಯಾವುದು? ಹದಿನಾಲ್ಕು ಸಾವಿರ ಉಳಿಸಿದೆನೆಂದು ಕುಣಿದವನು ನಿಜವಾಗಿ ತಿಂಗಳಿಗೆ ೩೭ ರೂಪಾಯಿ ಹೆಚ್ಚೇ ಕೊಡುತ್ತಿದ್ದೆ.

“ನೋಡಿದ್ರೆಲಾ?” ಎಂದರು ಶ್ರೀಮತಿ.

ಆದರೆ ನನ್ನ ಕಡೆಯೂ ಒಂದು ಮಾತಿತ್ತು. ತಿಂಗಳ ಲೆಕ್ಕದಲ್ಲಿ ಅಗ್ಗವಾಗಬೇಕಾದರೆ ಮೊದಲು ೪೨ ಸಾವಿರ ಕೈಯಲ್ಲಿರಬೇಕು. ಇಲ್ಲದವನು ಕಂತಿನಲ್ಲಿ ಕೊಂಡು ಬಡ್ಡಿ ಕಟ್ಟಿದರೆ ಆ ೩೭ ರೂಪಾಯಿ ಎಂದೋ ಮುಳುಗಿಹೋಗುತ್ತದೆ. ಮೇಲಾಗಿ ಎಪ್ಪತ್ತಾರು ವರ್ಷದ ಅವ್ವನ ಕೈಯಿಂದ ಫೋನು ಆರು ವರ್ಷ ಬೀಳದೆ ಉಳಿಯುವುದೆಂಬ ಭರವಸೆ ಏನು? “ತಮ್ಮನೇ ಚಂದ ಇದ್ದಾನ, ಚಾರ್ಜೂ ಲಗೂ ಆಗ್ತದ” ಎಂದಳು ಮಗಳು. ಅದೂ ನಿಜ, ಅಣ್ಣನದು ೨೫ ವ್ಯಾಟಿನ ಚಾರ್ಜು, ತಮ್ಮನದು ೪೫. ಹೀಗೆ ಸಭೆ ಒಂದು ವಾರ ನಡೆಯಿತು, ಮತಗಳು ಎರಡಕ್ಕೆ ಒಂದಾದವು, ನಾನು ಸೋತೆ. ಮರುದಿನ ಅಂಗಡಿಗೆ ಹೊರಡುವ ಮುಂಚೆ ಪಕ್ಕದ ಮನೆಯವರ ಫೋನಿಗೆ ಕರೆಮಾಡಿ ಅವ್ವನಿಗೆ ಸುದ್ದಿ ಮುಟ್ಟಿಸಿದೆ.

ಅವ್ವ ಬೆಲೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. “ನಿಮ್ಮಪ್ಪನ ಆ ಕಾರ್ಡು ಅದರಾಗ ಹಿಡಸ್ತದೇನು?” ಎಂದಳು.

ಆ ಕಾರ್ಡಿನ ಕಥೆ ಹೇಳಬೇಕು. ಮಗಳು ಇಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದುವವಳು, ಮಗ್ಗಿಯನ್ನು ಕನ್ನಡದಲ್ಲಿ ಕೇಳಿದವಳಲ್ಲ. ೨೦೨೨ರ ಬೇಸಿಗೆಯಲ್ಲಿ ಅಪ್ಪ ಆ ಹಳೆಯ ಫೋನಿನಲ್ಲಿ ತಮ್ಮ ಧ್ವನಿಯಲ್ಲಿಯೇ ಹನ್ನೊಂದು ಪಾಠಗಳನ್ನು ತುಂಬಿದ್ದರು. ಎರಡರ ಮಗ್ಗಿಯಿಂದ ಮೊದಲುಗೊಂಡು ಒಂಬತ್ತರವರೆಗೆ ಎಂಟು. ಅದರ ಮೇಲೆ ಹಳೆಯ ಶಾಲೆಗಳಲ್ಲಿ ಹೇಳಿಸುತ್ತಿದ್ದ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳು ಮೂರು. ಮೊಮ್ಮಗಳಿಗಾಗಿ ಮಾಡಿದ್ದು. ಮೊಮ್ಮಗಳು ಆ ರಜೆಯಲ್ಲಿ ಎರಡು ಪಾಠ ಕೇಳಿ, ಆಮೇಲೆ ಕೇಳುತ್ತೇನೆಂದಿದ್ದಳು. ಆಮೇಲೆ ಎಂಬುದು ಬರಲಿಲ್ಲ.

ಇನ್ನು ಫೋನಿನ ಮಾತಿಗೆ ಬಂದರೆ, ತಮ್ಮನಲ್ಲಿ, ಎಂದರೆ ಎ-೫೬ರಲ್ಲಿ, ಮೆಮೊರಿ ಕಾರ್ಡು ಹಾಕುವ ಗೂಡೇ ಇಲ್ಲ. ಅಣ್ಣನಲ್ಲಿ ಉಂಟು. “ಅದರೊಳಗಿನ ಸರಕನ್ನು ನಕಲು ಮಾಡಿ ಹೊಸದರಲ್ಲಿ ಹಾಕಿಕೊಡುತ್ತೇವೆ, ಅವ್ವಾ, ಕಾರ್ಡು ಬೇಕಾಗುವುದಿಲ್ಲ” ಎಂದು ತಿಳಿಸಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ನಕಲು ಮಾಡ್ಕೋರಿ. ನನಗ ಮಾತ್ರ ಅವರು ಹಾಕಿಟ್ಟದ್ದು ಇದ್ದಾಂಗ ಇರಲಿ” ಎಂದಳು. ಶ್ರೀಮತಿಯವರು ಹಾಲಿನ ವಹಿಯನ್ನು ಮುಚ್ಚಿ ಒಳಗಿಟ್ಟರು. ನಾನು ಅಣ್ಣನನ್ನು ತಂದೆ.

ಇಷ್ಟು ಪೀಠಿಕೆಯಾಯಿತು. ಇನ್ನು ಈ ಅಂಕಣದ ಪದ್ಧತಿಯಂತೆ ವಸ್ತುಪರೀಕ್ಷೆ.

ಮೊದಲು ರೂಪ. ಪರದೆ ೬.೬ ಅಂಗುಲದ್ದು, ದಪ್ಪ ೮.೨ ಮಿಲಿಮೀಟರು, ತೂಕ ೨೧೩ ಗ್ರಾಮು. ಎಂದರೆ ಕಾಲು ಕಿಲೋವಿಗೆ ೩೭ ಗ್ರಾಮು ಕಡಿಮೆ. ಅವ್ವ ಕೈಯಲ್ಲಿ ತೂಗಿ ನೋಡಿ, “ಅಡಕೊತ್ತಿನಷ್ಟು ಭಾರ ಅದ” ಎಂದಳು. ಸಣ್ಣ ಕೈಯವರಿಗೆ, ಮುಂಗೈ ನೋವಿರುವವರಿಗೆ ಇದು ಭಾರವೇ. ಅಂಗಡಿಯಲ್ಲಿ ಐದು ನಿಮಿಷ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು. ಸುತ್ತುಪಟ್ಟಿ ಲೋಹದ್ದು, ಮುಂದೂ ಹಿಂದೂ ಗಟ್ಟಿ ಜಾತಿಯ ಗಾಜು. ಗಾಜೆಂದ ಮೇಲೆ ಎಷ್ಟು ಗಟ್ಟಿಯಾದರೂ ಗಾಜೇ, ಜಾರುತ್ತದೆ. ನಾನು ಮೊದಲ ದಿನವೇ ಇನ್ನೂರೈವತ್ತು ರೂಪಾಯಿಯ ರಬ್ಬರಿನ ಅಂಗಿ ತೊಡಿಸಿದೆ. ಅಂಗಿ ತೊಟ್ಟ ಮೇಲೆ ಲೋಹದ ಸೊಬಗು ಯಾರಿಗೂ ಕಾಣಿಸುವುದಿಲ್ಲ, ರೇಶಿಮೆ ಸೀರೆಯ ಮೇಲೆ ಸ್ವೆಟರ್ ಹಾಕಿದಂತೆ. ಆದರೂ ಅದೇ ಸರಿ.

ಇದರ ಮೇಲೆ ಐ.ಪಿ. ೬೭ ಎಂದು ಬರೆದಿರುತ್ತದೆ. ಇದರ ಅರ್ಥ ಅನೇಕರಿಗೆ ತಿಳಿಯದು. ಮೊದಲನೆಯ ಅಂಕಿ ಧೂಳಿನದು. ಆರು ಎಂದರೆ ಧೂಳು ಒಳಗೆ ಹೋಗುವುದಿಲ್ಲ. ಎರಡನೆಯದು ನೀರಿನದು. ಏಳು ಎಂದರೆ ಒಂದು ಮೀಟರು ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಾಳುತ್ತದೆಂದು ಪರೀಕ್ಷೆಯಾಗಿದೆ. ಮುಂಬಯಿಯ ಮಳೆಗೆ ಇದು ಒಳ್ಳೆಯ ಕೊಡೆ. ಆದರೆ ಜುಹೂ ಚೌಪಾಟಿಯ ಉಪ್ಪುನೀರಿಗೂ ಸಾಬೂನಿನ ನೀರಿಗೂ ಈ ಮಾತು ಅನ್ವಯಿಸುವುದಿಲ್ಲ. ಒಳಗಿನ ರಬ್ಬರು ಹಳತಾದಂತೆ, ಫೋನು ಬಿದ್ದಂತೆ, ಈ ಗುಣ ಕುಂದುತ್ತ ಹೋಗುತ್ತದೆ. ಅವ್ವನ ಹಳ್ಳಿಯ ಎರೆಹೊಲದ ಧೂಳಿಗೆ ಮೊದಲ ಅಂಕಿಯೇ ಹೆಚ್ಚು ಉಪಕಾರಿ.

ಹೆಡ್‌ಫೋನಿನ ದುಂಡು ತೂತು ಇಲ್ಲ. ಪೆಟ್ಟಿಗೆಯಲ್ಲಿ ಚಾರ್ಜಿನ ತಂತಿ ಮಾತ್ರ ಉಂಟು, ಗೋಡೆಗೆ ಹಚ್ಚುವ ಚಾರ್ಜರು ಇಲ್ಲ. ಈಗ ಹಲವು ಕಂಪನಿಗಳ ಪದ್ಧತಿಯೇ ಹೀಗೆ. ಆದ್ದರಿಂದ ಬೆಲೆಯ ಲೆಕ್ಕದಲ್ಲಿ ಚಾರ್ಜರಿನ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳತಕ್ಕದ್ದು.

ಎರಡನೆಯದು ಕೆಲಸ. ಒಳಗಿನ ಮೆದುಳಿಗೆ ಎಕ್ಸಿನೋಸ್ ೧೪೮೦ ಎಂದು ಹೆಸರು. ಇದರಲ್ಲಿ ಎಂಟು ಮಂದಿ ಕೆಲಸಗಾರರು. ಮದುವೆಯ ಅಡಿಗೆಮನೆಯನ್ನು ನೆನೆಯಿರಿ. ನಾಲ್ವರು ಹಿರಿಯ ಅಡಿಗೆಯವರು, ಕಡಾಯಿ ಇಳಿಸುವವರು. ನಾಲ್ವರು ಕೈಯಾಳುಗಳು, ತರಕಾರಿ ಹೆಚ್ಚುವವರು. ಗಡಿಯಾರ ತೋರಿಸುವುದು, ಹಾಡು ಹೇಳುವುದು ಇತ್ಯಾದಿ ಹಗುರ ಕೆಲಸಕ್ಕೆ ಕೈಯಾಳುಗಳು ಸಾಕು, ಬ್ಯಾಟರಿ ಉಳಿಯುತ್ತದೆ. ಮುಖ ನೋಡಿ ಮಾತಾಡುವ ವಿಡಿಯೋ ಕರೆ, ಆಟ ಮೊದಲಾದವು ಬಂದಾಗ ಹಿರಿಯರು ಏಳುತ್ತಾರೆ. ರ‍್ಯಾಮ್ ಎಂಬುದು ಅಡಿಗೆಯ ಕಟ್ಟೆ. ನಾವು ಕೊಂಡದ್ದರಲ್ಲಿ ೮ ಜಿ.ಬಿ. ಸ್ಟೋರೇಜ್ ಎಂಬುದು ಉಗ್ರಾಣ. ನಮ್ಮದು ೧೨೮ ಜಿ.ಬಿ. ಕಟ್ಟೆ ಸಣ್ಣದಾದರೆ ಒಂದು ಪಾತ್ರೆ ಇಡಲು ಇನ್ನೊಂದನ್ನು ಇಳಿಸಬೇಕು. ಅಗ್ಗದ ಫೋನು ತಡವರಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅವ್ವನ ಕೆಲಸಕ್ಕೆ ಎಂಟು ಧಾರಾಳವಾಗಿ ಸಾಕು. ಮೂರು ತಿಂಗಳಲ್ಲಿ ಒಮ್ಮೆಯೂ ಇದು ಮುಂದೆ ಹೋಗಲಾರೆನೆಂದು ನಿಂತಿಲ್ಲ. ಆದರೆ ಭಾರಿ ಆಟಗಳನ್ನು ಆಡುವ ಚಿರಂಜೀವಿಗಳಿಗೆ ಈ ಎಕ್ಸಿನೋಸ್ ಹೇಳಿ ಮಾಡಿಸಿದ್ದಲ್ಲ. ಅದೇ ಬೆಲೆಗೆ ಇನ್ನೂ ಚುರುಕಾದ ಮೆದುಳಿನ ಫೋನುಗಳುಂಟು.

ಪರದೆ ಸೆಕೆಂಡಿಗೆ ೧೨೦ ಸಲ ಚಿತ್ರ ಬದಲಿಸುತ್ತದೆ. ಅಂಗಡಿಯವನು ಇದನ್ನು ಬಹಳ ಹೊಗಳಿದನು. ಬೆರಳಿನಿಂದ ಜಾರಿಸುವಾಗ ನುಣುಪಾಗಿ ಕಾಣುವುದು ನಿಜ. ಆದರೆ ಬ್ಯಾಟರಿ ಹೆಚ್ಚು ಖರ್ಚು. ನಾನು ಅವ್ವನ ಫೋನಿನಲ್ಲಿ ಅದನ್ನು ೬೦ಕ್ಕೆ ಇಳಿಸಿಟ್ಟೆ, ಅವಳಿಗೆ ಭೇದವೇ ತಿಳಿಯಲಿಲ್ಲ. ತಿಳಿದದ್ದು ಅಕ್ಷರದ ಗಾತ್ರ. ಅದನ್ನು ದೊಡ್ಡದು ಮಾಡಿ, ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟಾಗ, “ಈಗ ಇದು ನಮ್ಮಂದಿಯಾತು ನೋಡು” ಎಂದಳು. ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರವಾಗಿ ಮೂಡುವ ಸೌಕರ್ಯವೂ ಕೀಲಿಮಣೆಯಲ್ಲಿ ಉಂಟು. ಆದರೆ ಅದು ಪುಸ್ತಕದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ, ನಮ್ಮ ಕಡೆಯ ಮಾತನ್ನು ಹಿಡಿಯಲು ತಿಣುಕುತ್ತದೆ. ಅವ್ವ ಏನೋ ಹೇಳಿದರೆ ಅದು ಇನ್ನೇನೋ ಬರೆಯುತ್ತದೆ. ಅವಳು ಈಗ ಅದರ ಮುಂದೆ ಮಾತ್ರ ಸರಕಾರಿ ಭಾಷಣದ ಕನ್ನಡ ಆಡುತ್ತಾಳೆ. “ನಾನು ಊಟವನ್ನು ಮಾಡಿದ್ದೇನೆ” ಎಂದು ಅವಳಿಂದ ಬಂದ ಮೊದಲ ಸಂದೇಶ ಓದಿ ನಾವೆಲ್ಲ ಗಾಬರಿಯಾದೆವು, ಯಾರೋ ಫೋನು ಕದ್ದಿದ್ದಾರೆಂದು.

ಬೆರಳಚ್ಚಿನ ಬೀಗ ಪರದೆಯೊಳಗೇ ಇದೆ. ಜೀವಮಾನವೆಲ್ಲ ಪಾತ್ರೆ ತಿಕ್ಕಿ ಸವೆದ ಬೆರಳುಗಳ ಗೆರೆಯನ್ನು ಇಂಥ ಬೀಗಗಳು ಗುರುತಿಸಲು ಕಷ್ಟಪಡುತ್ತವೆ. ಹತ್ತು ಸಲ ಒತ್ತಿದರೆ ನಾಲ್ಕು ಸಲ ತೆರೆಯಿತು. ಕೊನೆಗೆ ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಇಟ್ಟೆವು. ಹಿರಿಯರಿಗೆ ಕೊಳ್ಳುವವರು ಇದನ್ನು ಅಂಗಡಿಯಲ್ಲಿ ಪರೀಕ್ಷಿಸುವಂತಿಲ್ಲ, ಬದಲು ಉಪಾಯವನ್ನು ಮೊದಲೇ ಯೋಚಿಸಿಡಬೇಕು.

ಬ್ಯಾಟರಿ ೫೦೦೦ ಮಿಲಿಆಂಪಿಯರ್-ಗಂಟೆಯದು. ಅವ್ವನ ಬಳಕೆಗೆ ಎರಡು ದಿನ ಬರುತ್ತದೆ, ಮಗಳ ಕೈಗೆ ಸಿಕ್ಕರೆ ಒಂದೇ ದಿನ. ತುಂಬಲು ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ಅವಸರದವರಿಗೆ ಇದು ಕೊರತೆ, ಅವ್ವನಿಗೆ ಅಲ್ಲ. ಹಳೆಯ ಬ್ಯಾಟರಿ ಉಬ್ಬಿದ ಅನುಭವವಿದ್ದುದರಿಂದ ನಾನು ಒಂದು ಸೌಕರ್ಯವನ್ನು ಹುಡುಕಿ ಹಚ್ಚಿದ್ದೇನೆ: ನೂರಕ್ಕೆ ಎಂಬತ್ತು ತುಂಬಿದೊಡನೆ ಚಾರ್ಜು ತಾನಾಗಿ ನಿಲ್ಲುವಂತೆ ಇದರಲ್ಲಿ ಏರ್ಪಾಡು ಉಂಟು. ಲಿಥಿಯಮ್ ಬ್ಯಾಟರಿಗೆ ಸೆಕೆಯೂ ಸದಾ ಹೊಟ್ಟೆ ತುಂಬಿರುವುದೂ ಆಗದು. ರಾತ್ರಿಯಿಡೀ ತಂತಿ ಹಚ್ಚಿ ಮಲಗುವವರು ಇದನ್ನು ತಪ್ಪದೆ ಮಾಡಿಕೊಳ್ಳಿರಿ.

ಕ್ಯಾಮರಾ ಹಿಂದೆ ಮೂರು. ಮುಖ್ಯವಾದುದು ೫೦ ಮೆಗಾಪಿಕ್ಸೆಲು, ಅಗಲ ನೋಟದ್ದು ೧೨, ಹತ್ತಿರದ ನೋಟದ್ದು ೫. ಮೂರನೆಯದು ಪಂಕ್ತಿಗೆ ಜನ ಸಾಲದೆಂದು ಕೂರಿಸಿದಂತಿದೆ, ಅದರಿಂದ ಹೆಚ್ಚು ಪ್ರಯೋಜನ ನನಗೆ ಕಾಣಲಿಲ್ಲ. ಮುಖ್ಯ ಕ್ಯಾಮರಾ ಸಾಧಾರಣವಾಗಿ ನಾಲ್ಕು ಬಿಂದುಗಳನ್ನು ಕೂಡಿಸಿ ಒಂದು ಮಾಡಿ ಚಿತ್ರ ತೆಗೆಯುತ್ತದೆ. ಆದ್ದರಿಂದ ಐವತ್ತು ಎಂಬ ದೊಡ್ಡ ಅಂಕಿಗೆ ಮರುಳಾಗಬೇಕಾದುದಿಲ್ಲ. ಮರುಳಾಗಬೇಕಾದದ್ದು ಇನ್ನೊಂದಕ್ಕೆ. ಕೈ ನಡುಗಿದರೆ ಒಳಗಿನ ಮಸೂರ ಎದುರು ದಿಕ್ಕಿಗೆ ಸರಿದು ಚಿತ್ರ ಅಲುಗದಂತೆ ನೋಡಿಕೊಳ್ಳುತ್ತದೆ. ಅವ್ವನ ಕೈ ಈಗ ಸ್ವಲ್ಪ ನಡುಗುತ್ತದೆ. ದೀಪಾವಳಿಯ ಸಂಜೆ ತುಳಸೀಕಟ್ಟೆಯ ಹಣತೆಗಳನ್ನು ಅವಳೇ ತೆಗೆದು ಕಳುಹಿಸಿದಳು. ಚಿತ್ರ ಸ್ಪಷ್ಟವಾಗಿ ಬಂದಿತ್ತು. ಅವಳ ಹೆಬ್ಬೆರಳೂ ಒಂದು ಮೂಲೆಯಲ್ಲಿ ಸ್ಪಷ್ಟವಾಗಿ ಬಂದಿತ್ತು.

ಇನ್ನು ಕಾರ್ಡಿನ ವಿಷಯ. ಇದರ ತಟ್ಟೆಯಲ್ಲಿ ಎರಡು ಗೂಡುಗಳು. ಎರಡನೆಯದರಲ್ಲಿ ಇನ್ನೊಂದು ಸಿಮ್ಮನ್ನಾದರೂ ಇಡಬೇಕು, ಕಾರ್ಡನ್ನಾದರೂ ಇಡಬೇಕು, ಎರಡೂ ಆಗದು. ದೀಪಾವಳಿಗೆ ನಾವು ಮೂವರೂ ಊರಿಗೆ ಹೋದೆವು. ಅವ್ವ ಕುಂಕುಮದ ಭರಣಿಯ ಪಕ್ಕದಿಂದ ಪೊಟ್ಟಣ ತಂದಳು. ಮಗಳು ಕಾರ್ಡನ್ನು ಗೂಡಿನಲ್ಲಿ ಕೂರಿಸಿದಳು. ಪಡಸಾಲೆಯಲ್ಲಿ ಅಪ್ಪನ ಧ್ವನಿ ಎದ್ದಿತು. “ಹೂಂ, ಸರಿಯಾಗಿ ಕೂಡು. ಎರಡೊಂದ್ಲೆ ಎರಡು.” ಅವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

ಒಂದಾದ ಮೇಲೊಂದು ಕೇಳುತ್ತ ಹೋದೆವು. ಕಾಲು ಆಯಿತು, ಅರೆ ಆಯಿತು. ಮುಕ್ಕಾಲು ತೆರೆಯಲಿಲ್ಲ. ಮತ್ತೆ ಒತ್ತಿದರೂ ತೆರೆಯಲಿಲ್ಲ. ಫೋನಿನ ತಪ್ಪಲ್ಲ, ಕಾರ್ಡೇ ಸವೆಯತೊಡಗಿತ್ತು. ಇಂಥ ಕಾರ್ಡುಗಳು ಶಾಶ್ವತವಲ್ಲ. ವರ್ಷಗಟ್ಟಲೆ ಬರೆದು ಅಳಿಸಿದರೂ ಕೆಡುತ್ತವೆ, ಬಳಸದೆ ಇಟ್ಟರೂ ಒಂದು ದಿನ ಕೆಡಬಹುದು. ಮಗಳು ಕಂಪ್ಯೂಟರಿಗೆ ಹಚ್ಚಿ ಎರಡು ಗಂಟೆ ಹೆಣಗಿದಳು. ಹತ್ತು ಪಾಠ ಉಳಿದವು, ಹನ್ನೊಂದನೆಯದು ಹೋಯಿತು. ಅವಳು ಮುಖ ಸಪ್ಪೆ ಮಾಡಿ, “ಅಜ್ಜ ಹೇಳಿದಾಗನ ಕೇಳಬೇಕಿತ್ತು” ಎಂದಳು. ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಅವ್ವ ಮೊರದಲ್ಲಿ ಅವಲಕ್ಕಿ ಹಸನು ಮಾಡುತ್ತಿದ್ದಳು. ತಲೆಯೆತ್ತದೆ, “ಯಾವುದು ಹೋತು? ಮುಕ್ಕಾಲೇನು?” ಎಂದು ಕೇಳಿ, ಹೇಳತೊಡಗಿದಳು. “ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರಿ, ಮೂರು ಮುಕ್ಕಾಲು ಎರಡೂಕಾಲು, ನಾಕು ಮುಕ್ಕಾಲು ಮೂರು...” ಅವಳು ಶಾಲೆಗೆ ಹೋದದ್ದು ಮೂರನೆಯ ಇಯತ್ತೆಯವರೆಗೆ. ನಲವತ್ತು ವರ್ಷ ಪಡಸಾಲೆಯಲ್ಲಿ ಅಪ್ಪ ಹುಡುಗರಿಗೆ ಹೇಳಿಸುತ್ತಿದ್ದುದನ್ನು ಒಳಗೆ ರೊಟ್ಟಿ ಬಡಿಯುತ್ತ ಕೇಳಿ ಕೇಳಿ ಬಂದದ್ದಂತೆ. ನನಗೇ ಇದು ಗೊತ್ತಿರಲಿಲ್ಲ. ಮಗಳು ಸದ್ದಿಲ್ಲದೆ ಹೊಸ ಫೋನನ್ನು ಮೊರದ ಹತ್ತಿರ ಸರಿಸಿ ಧ್ವನಿಮುದ್ರಣದ ಗುಂಡಿ ಒತ್ತಿದಳು. ಹನ್ನೊಂದನೆಯ ಪಾಠ ಈಗ ಅಜ್ಜಿಯ ಧ್ವನಿಯಲ್ಲಿದೆ. ಹಿನ್ನೆಲೆಯಲ್ಲಿ ಮೊರದ ಸಪ್ಪಳವೂ ಇದೆ.

ಆದುದರಿಂದ, ಕಾಗದ ಬರೆದ ನಾಲ್ವರಿಗೆ ನನ್ನ ಉತ್ತರ ಹೀಗೆ.

ಕೈಯಲ್ಲಿ ಪೂರ್ತಿ ಹಣವಿದ್ದು, ಬಹುಕಾಲ ಬಳಸುವ ಮನಸ್ಸಿದ್ದು, ಕಾರ್ಡಿನ ಗೊಡವೆ ಇಲ್ಲದಿದ್ದರೆ ಆರು ವರ್ಷದ ಮಾತು ಕೊಟ್ಟಿರುವ ಹೊಸದನ್ನೇ ಕೊಳ್ಳಿರಿ, ಅದೇ ಲಾಭ. ಹಣ ಬಿಗಿಯಾಗಿದ್ದರೆ, ಇಲ್ಲವೆ ಕಾರ್ಡು ಬೇಕಿದ್ದರೆ, ಹಿಂದಿನ ವರ್ಷದ್ದನ್ನು ರಿಯಾಯಿತಿಯಲ್ಲಿ ಕೊಳ್ಳಬಹುದು. ಆದರೆ ಉಳಿದ ತಿಂಗಳುಗಳನ್ನು ಎಣಿಸಿ ಭಾಗಾಕಾರ ಮಾಡಿದ ಮೇಲೆ. ಸಾಲದ ಬಡ್ಡಿ ಕಟ್ಟಿ ಎರಡನ್ನೂ ಕೊಳ್ಳಬೇಡಿರಿ.

ಕೊಂಡ ದಿನವೇ ನಕ್ಷತ್ರ, ಹ್ಯಾಷ್, ೦೬, ಹ್ಯಾಷ್ ಒತ್ತಿರಿ. ಹದಿನೈದು ಅಂಕಿಗಳ ಒಂದು ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಅದು ಫೋನಿನ ಜಾತಕ, ವಹಿಯಲ್ಲಿ ಬರೆದಿಡಿರಿ. ಫೋನು ಕಳೆದರೆ ತಡೆಹಿಡಿಸಲು ಅದು ಬೇಕಾಗುತ್ತದೆ. ಹಿರಿಯರ ಫೋನಿನಲ್ಲಿ ಹಣದ ವ್ಯವಹಾರವಿಟ್ಟರೆ, ಸ್ವಲ್ಪವೇ ಹಣವಿರುವ ಬೇರೆ ಖಾತೆಯೊಂದನ್ನು ಜೋಡಿಸಿರಿ. ಗುಟ್ಟಿನ ಸಂಖ್ಯೆ ಕೇಳಿ ಯಾರು ಕರೆದರೂ ಫೋನು ಇಟ್ಟುಬಿಡಲು ಹೇಳಿಕೊಡಿರಿ. ಮೋಸವಾಗಿಯೇ ಹೋದರೆ ತಡಮಾಡದೆ ೧೯೩೦ಕ್ಕೆ ಕರೆಮಾಡಬೇಕು, ತಡವಾದಷ್ಟೂ ಹಣ ಮರಳಿ ಸಿಗುವ ಆಸೆ ಕಡಿಮೆ.

ಕೊನೆಯದಾಗಿ, ನಿಮ್ಮ ಮನೆಯ ಹಿರಿಯರ ಧ್ವನಿ, ಅಕ್ಷರ, ಚಿತ್ರ ಯಾವುದಾದರೂ ಹಳೆಯ ಫೋನಿನಲ್ಲಿಯೋ ಕಾರ್ಡಿನಲ್ಲಿಯೋ ಇದ್ದರೆ ಈ ಪತ್ರಿಕೆ ಮಡಿಸಿಟ್ಟೊಡನೆ ಅದನ್ನು ಹೊರತೆಗೆಯಿರಿ. ಎರಡು ಬೇರೆ ಬೇರೆ ಕಡೆ ನಕಲು ಮಾಡಿರಿ, ಒಂದನ್ನು ಇನ್ನೊಂದು ಊರಿನ ಬಂಧುಗಳ ಮನೆಯಲ್ಲಿಡಿರಿ. ನಾವು ಹಾಗೆಯೇ ಮಾಡಿದ್ದೇವೆ. ಮೂಲ ಕಾರ್ಡು ಅವ್ವನ ಫೋನಿನಲ್ಲಿದೆ, ಅವಳು ಹೇಳಿದಂತೆ, ಇದ್ದಾಂಗ.

ಇದನ್ನು ಬರೆಯುತ್ತಿರುವಾಗ ಮಗಳು ಒಳಗಿನ ಕೋಣೆಯಲ್ಲಿ ಊರಿಗೆ ಕರೆಮಾಡಿ ಪಾಠ ಒಪ್ಪಿಸುತ್ತಿದ್ದಾಳೆ. “ಏಳು ಮುಕ್ಕಾಲು ಐದು” ಎಂದು ನಿಂತಳು. ಆ ಕಡೆಯಿಂದ ಫೋನಿನ ಎರಡೂ ಸ್ಪೀಕರುಗಳಲ್ಲಿ ಸ್ಪಷ್ಟವಾಗಿ ಕೇಳಿತು: “ಕಾಲು ಎಲ್ಲಿ ಹೋತು? ಐದೂಕಾಲು! ಮತ್ತ ಮೊದಲಿಂದ ಹೇಳು.”

ಮುಂದಿನ ಸಂಚಿಕೆಯಲ್ಲಿ ನೀರು.